ಮಿರ್ಜಾನ ಕೋಟೆ, ಕಾಳುಮೆಣಸಿನ ರಾಣಿ ಮತ್ತು ಮೂರು ರಾತ್ರಿ ತಿಂದ ನರಿ

ಇವತ್ತಿನ ಕಂತು ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ. ಇತಿಹಾಸ ಆಮೇಲೆ ಬರುತ್ತೆ, ಸ್ವಲ್ಪ ತಾಳಿ.

ಕಳೆದ ಮಳೆಗಾಲದಲ್ಲಿ ಮಿರ್ಜಾನ ಕೋಟೆಗೆ ಹೋಗಿದ್ದೆ. ಕುಮಟಾದಿಂದ ಹೆದ್ದಾರಿ ಹಿಡಿದು ಅಂಕೋಲಾ ಕಡೆ ಹೊರಟರೆ ಹತ್ತು-ಹನ್ನೊಂದು ಕಿಲೋಮೀಟರ್, ಅಘನಾಶಿನಿ ನದಿಯ ಹತ್ತಿರ. ಆಗಸ್ಟಿನಲ್ಲಿ ನೋಡಬೇಕು ಅದನ್ನ. ಚಿರೆಕಲ್ಲಿನ ಗೋಡೆಗಳೆಲ್ಲ ಪಾಚಿ ಹಿಡಿದು, ಕೋಟೆಯೇ ಹಸಿರು ಕಂಬಳಿ ಹೊದ್ದು ಮಲಗಿದ ಹಾಗೆ ಕಾಣುತ್ತೆ. ಅಲ್ಲಿಗೆ ಹೋಗಿ ಫೋನ್ ತೆಗೆಯದೆ ಬಂದವರನ್ನ ನಾನು ನೋಡಿಲ್ಲ. ನಾನೂ ತೆಗೆದೆ. ಮೂವತ್ತು ಸೆಕೆಂಡಿನ ಒಂದು ರೀಲ್ಸ್. ಹಿನ್ನೆಲೆಗೆ ಚಂಡೆ, ಮೇಲೆ ದಪ್ಪ ಅಕ್ಷರದಲ್ಲಿ: "ಪರಂಗಿಯವರಿಗೆ ಮಣ್ಣು ಮುಕ್ಕಿಸಿದ ಕಾಳುಮೆಣಸಿನ ರಾಣಿ. ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ!"

ಆ ಕೊನೆಯ ಸಾಲು ಯಾಕೆ ಹಾಕಿದೆ ಅಂತ ಕೇಳಿದರೆ, ಕೇಳೋಕೆ ಖಡಕ್ಕಾಗಿತ್ತು, ಅಷ್ಟೇ. ಬೇರೆ ಕಾರಣ ಇಲ್ಲ.

ರೀಲ್ಸ್ ಓಡಿತು. ನನ್ನ ಮಟ್ಟಿಗೆ ಸಿಕ್ಕಾಪಟ್ಟೆ ಓಡಿತು. ಕೆಳಗೆ ಕಮೆಂಟುಗಳು ಶುರುವಾದವು. ಮೊದಲು "ಜೈ ರಾಣಿ", ಆಮೇಲೆ ಬೆಂಕಿ ಇಮೋಜಿ, ಆಮೇಲೆ ಯಾರೋ ಬರೆದರು: ಅವರ ಮರಿಗಳು ಇನ್ನೂ ನಮ್ಮ ಕರಾವಳಿಯಲ್ಲೇ ಇದ್ದಾವೆ, ಹೆಸರು ನೋಡಿದರೆ ಗೊತ್ತಾಗುತ್ತೆ. ಅದಕ್ಕೆ ನೂರಾರು ಲೈಕು. ನಾನು ಓದಿದೆ, ಮುಂದಕ್ಕೆ ಸರಿಸಿದೆ. ಎರಡನೇ ದಿನ ರಾತ್ರಿ ಒಂದು ಮೆಸೇಜ್ ಬಂತು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲೇ ಕೂತವನು. ಅವನ ಅಡ್ಡಹೆಸರು ಪೋರ್ಚುಗೀಸ್ ಹೆಸರು. ನಮ್ಮ ಕರಾವಳಿಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಇರುವಂಥದ್ದೇ. ಅವನು ಬರೆದದ್ದು ಇಷ್ಟೇ: "ನಾನೂ ಪರಂಗಿನೇನೋ ಮಾರಾಯಾ?"

ಉತ್ತರ ಕೊಡೋಕೆ ನನಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ಓದಿದ್ದು, ಹಳೆಯದನ್ನ ಮತ್ತೆ ತೆಗೆದು ನೋಡಿದ್ದು ಇವತ್ತಿನ ಕಂತು.

ಮೊದಲು ರಾಣಿ. ಚೆನ್ನಭೈರಾದೇವಿ, ಗೇರುಸೊಪ್ಪೆಯ ಸಾಳುವ ಮನೆತನದವಳು. 1552ರ ಸುಮಾರಿಗೆ ಪಟ್ಟಕ್ಕೆ ಬಂದು ಐವತ್ತು ವರ್ಷಕ್ಕೂ ಮೇಲೆ ಆಳಿದವಳು. ಘಟ್ಟದ ಕಾಳುಮೆಣಸು ಹೊಳೆಯಲ್ಲಿ ಇಳಿದು, ಹೊನ್ನಾವರ, ಭಟ್ಕಳ, ಮಿರ್ಜಾನದ ಕಡೆಯಿಂದ ಸಮುದ್ರ ಸೇರುತ್ತಿದ್ದ ಕಾಲ ಅದು. ಪೋರ್ಚುಗೀಸರು ಅವಳನ್ನ 'ರೈನಾ ದ ಪಿಮೆಂಟಾ' ಅಂದರು, ಮೆಣಸಿನ ರಾಣಿ. ಮಿರ್ಜಾನ ಕೋಟೆಯನ್ನ ಕಟ್ಟಿಸಿದ್ದು ಅವಳೇ ಅಂತ ಊರಿನ ಮಾತು. ಬಿಜಾಪುರದ ಆದಿಲಶಾಹಿ ಅಧಿಕಾರಿ ಷರೀಫ್-ಉಲ್-ಮುಲ್ಕ್ ಕಟ್ಟಿಸಿದ್ದು ಅಂತ ಇನ್ನೊಂದು ಲೆಕ್ಕ. ಆ ಜಗಳಕ್ಕೆ ಇವತ್ತು ಹೋಗಲ್ಲ. ನಮಗೆ ಬೇಕಾದದ್ದು ಬೇರೆ: ರಾಣಿ ಜೈನಳು. ಗೇರುಸೊಪ್ಪೆಯಲ್ಲಿ ಶರಾವತಿಯ ದಡದ ಕಾಡಿನಲ್ಲಿ ಇವತ್ತಿಗೂ ಚತುರ್ಮುಖ ಬಸದಿ ನಿಂತಿದೆ, ನಾಲ್ಕೂ ದಿಕ್ಕಿಗೆ ಬಾಗಿಲು. ಜೈನ ಮನೆಯಲ್ಲಿ, ಬಸದಿಯ ಜಗಲಿಯಲ್ಲಿ ಬೆಳೆದ ಹುಡುಗಿ ಸೇಡಿನ ಬಗ್ಗೆ ಎಂಥ ಕಥೆ ಕೇಳಿರಬಹುದು? ನಾನು ಹುಡುಕಿದ್ದು ಅದನ್ನ.

ಉತ್ತರ ಕನ್ನಡದಲ್ಲೇ ಇದೆ, ಸಾವಿರ ವರ್ಷದಿಂದ ಇದೆ. 'ವಡ್ಡಾರಾಧನೆ'. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗದ್ಯ ಕಥೆಗಳು. ಹತ್ತನೇ ಶತಮಾನದ್ದು, ಶಿವಕೋಟ್ಯಾಚಾರ್ಯರ ಹೆಸರಿನಲ್ಲಿದೆ, ಒಟ್ಟು 19 ಕಥೆ. ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿ 1949ರಲ್ಲಿ ಅಚ್ಚು ಹಾಕಿಸಿದರು. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಪರೀಕ್ಷೆಗೆ ಅಂತ ಒಂದು ತುಣುಕು ಓದಿರ್ತೀರಿ. ಹಳಗನ್ನಡ ಅಂದ ಕೂಡಲೇ ನಾವು ಗೈಡ್ ತೆಗೆದುಕೊಂಡವರು. ಆದರೆ ಕಥೆ ಕೇಳಿ, ಮೊದಲನೇ ಕಥೆ, ಸುಕುಮಾರಸ್ವಾಮಿಯದು.

ಕೌಶಾಂಬಿ ಅಂತ ಊರು. ಅಗ್ನಿಭೂತಿ, ವಾಯುಭೂತಿ ಅಂತ ಅಣ್ಣ ತಮ್ಮ. ಅಪ್ಪ ದೊಡ್ಡ ವಿದ್ವಾಂಸ. ಮಕ್ಕಳು ಒಂದಕ್ಷರ ಕಲಿತಿಲ್ಲ. ಅಪ್ಪ ಸತ್ತ ಮೇಲೆ ಮನೆಯ ಪದವಿ ಕೈತಪ್ಪುತ್ತದೆ. ಇಬ್ಬರೂ ಸೋದರಮಾವನ ಊರಿಗೆ ಓದೋಕೆ ಹೋಗ್ತಾರೆ. ಮಾವ ಸೂರ್ಯಮಿತ್ರ ಲೆಕ್ಕ ಹಾಕ್ತಾನೆ: ಮಾವ ಅಂತ ಸಲಿಗೆ ಕೊಟ್ಟರೆ ಇವರು ಓದಲ್ಲ. "ನಾನು ಯಾರಿಗೂ ಮಾವ ಅಲ್ಲ" ಅಂತಾನೆ, ಭಿಕ್ಷೆ ಬೇಡಿ ಉಂಡು ಓದಿ ಅಂತಾನೆ. ಓದಿಸ್ತಾನೆ, ಪಂಡಿತರನ್ನಾಗಿ ಮಾಡ್ತಾನೆ, ಹೊರಡುವಾಗ ನಿಜ ಹೇಳ್ತಾನೆ. ಅಣ್ಣ ಕೈಮುಗಿಯುತ್ತಾನೆ. ತಮ್ಮನ ಮನಸ್ಸಿನಲ್ಲಿ ಮಾತ್ರ ಒಂದು ಮುಳ್ಳು ಉಳಿಯುತ್ತದೆ: ಸ್ವಂತ ಮಾವ ನನ್ನನ್ನ ಬೇಡಿಸಿದ.

ಇಲ್ಲಿಂದ ನೋಡಿ, ಒಂದೊಂದೇ ಕೊಂಡಿ. ಮಾವ ಮುಂದೆ ಸನ್ಯಾಸಿಯಾಗಿ ಇವರ ಊರಿಗೆ ಬರ್ತಾನೆ. ಅಣ್ಣ ಆದರಿಸುತ್ತಾನೆ, ತಮ್ಮ ಬಾಯಿಗೆ ಬಂದ ಹಾಗೆ ಬೈತಾನೆ. ಆ ಬೈಗುಳ ಕೇಳಿ ಅಣ್ಣನಿಗೆ ಸಂಸಾರವೇ ಸಾಕಾಗಿ ಅವನೂ ಸನ್ಯಾಸಿಯಾಗ್ತಾನೆ. ಅಣ್ಣನ ಹೆಂಡತಿ ಸೋಮದತ್ತೆ ಮೈದುನನ ಹತ್ತಿರ ಬಂದು ಕೇಳ್ತಾಳೆ: ನಿನ್ನಿಂದ ನನ್ನ ಗಂಡ ಹೋದ, ಕರೆದುಕೊಂಡು ಬಾ. ವಾಯುಭೂತಿ ಅವಳನ್ನ ಕಾಲಿನಿಂದ ಒದೀತಾನೆ. ಅತ್ತಿಗೆಯನ್ನ. ಅವಳಿಗೆ ತಿರುಗಿ ಒದೆಯುವ ಶಕ್ತಿ ಇಲ್ಲ. ಆಣೆ ಮಾಡ್ತಾಳೆ: ಇವತ್ತಲ್ಲದಿದ್ದರೆ ಮುಂದಿನ ಯಾವುದಾದರೂ ಜನ್ಮದಲ್ಲಿ, ಒದ್ದ ಈ ಕಾಲನ್ನ ನನ್ನ ಮಕ್ಕಳ ಜೊತೆ ಕೂತು ತಿನ್ನುತ್ತೇನೆ. ಜೈನರಲ್ಲಿ ಇದಕ್ಕೆ 'ನಿದಾನ' ಅಂತಾರೆ. ನಾವು 'ನಿಧಾನ' ಅಂತೀವಲ್ಲ, ಅದಲ್ಲ. ಫಲ ಬೇಕೆಂದು ಗಂಟು ಹಾಕಿಕೊಳ್ಳುವುದು.

ವಾಯುಭೂತಿ ರೋಗ ಹಿಡಿದು ಸಾಯ್ತಾನೆ. ಕತ್ತೆಯಾಗ್ತಾನೆ, ಹಂದಿಯಾಗ್ತಾನೆ, ನಾಯಿಯಾಗ್ತಾನೆ, ಎಷ್ಟೋ ಜನ್ಮ ಸುತ್ತಿ ಕೊನೆಗೆ ಉಜ್ಜಯಿನಿಯ ಭಾರೀ ಶ್ರೀಮಂತರ ಮನೆಯಲ್ಲಿ ಸುಕುಮಾರನಾಗಿ ಹುಟ್ಟುತ್ತಾನೆ. ಎಷ್ಟು ಸುಕುಮಾರ ಅಂದರೆ, ರತ್ನದ ಬೆಳಕಿನಲ್ಲೇ ಬೆಳೆದು ದೀಪದ ಬೆಳಕಿಗೆ ಕಣ್ಣಲ್ಲಿ ನೀರು ಬರುತ್ತೆ. ಕೂತ ಕಡೆ ಸಾಸಿವೆ ಕಾಳು ಬಿದ್ದಿದ್ದರೆ ಚುಚ್ಚುತ್ತೆ. ಮಗ ಸನ್ಯಾಸಿಯಾಗಿಬಿಟ್ಟಾನು ಅಂತ ಹೆದರಿ ಅಮ್ಮ ಮನೆ ಹತ್ತಿರ ಯಾವ ಮುನಿಯನ್ನೂ ಬಿಡಲ್ಲ. ಆದರೂ ಒಂದು ರಾತ್ರಿ ಮುನಿಯೊಬ್ಬರು ಓದುವ ದನಿ ಕಿವಿಗೆ ಬಿದ್ದು ಅವನಿಗೆ ಹಿಂದಿನ ಜನ್ಮ ನೆನಪಾಗುತ್ತೆ. ಮಹಡಿಯಿಂದ ಇಳಿದು ಹೊರಟುಬಿಡುತ್ತಾನೆ, ಬರಿಗಾಲಲ್ಲಿ. ನೆಲ ಮುಟ್ಟಿ ಅಭ್ಯಾಸ ಇಲ್ಲದ ಪಾದ. ಒಡೆದು ದಾರಿಯುದ್ದಕ್ಕೂ ರಕ್ತ.

ಆ ರಕ್ತದ ಜಾಡು ಹಿಡಿದು ನರಿ ಬರುತ್ತೆ. ಮರಿಗಳ ಸಮೇತ. ಸೋಮದತ್ತೆ.

ಸುಕುಮಾರ ಧ್ಯಾನಕ್ಕೆ ನಿಂತಿದ್ದಾನೆ, ಕದಲಲ್ಲ. ಪಾದದಿಂದ ಶುರುಮಾಡಿ ಮೂರು ರಾತ್ರಿ ತಿನ್ನುತ್ತೆ. ಒದ್ದ ಕಾಲಿನಿಂದಲೇ ಶುರು.

ನನಗೆ ಈ ಕಥೆಯಲ್ಲಿ ಹೆದರಿಕೆ ಹುಟ್ಟಿಸುವುದು ನರಿಯಲ್ಲ. ಇದರಲ್ಲಿ ಖಳನಾಯಕನೇ ಇಲ್ಲ ಅನ್ನೋದು. ಮಾವ ಒಳ್ಳೇದಕ್ಕೇ ಮಾಡಿದ. ಅಣ್ಣ ಸನ್ಯಾಸಿಯಾದದ್ದು ಪಾಪ ಅಲ್ಲ. ಅತ್ತಿಗೆಯ ಸಿಟ್ಟು ನ್ಯಾಯದ ಸಿಟ್ಟು. ವಾಯುಭೂತಿ ಒದ್ದದ್ದು ತಪ್ಪು, ಆದರೆ ಅವನೂ ಒಂದು ಹಳೇ ಅವಮಾನವನ್ನೇ ಹೊತ್ತುಕೊಂಡಿದ್ದ. ಕಥೆ ನಮ್ಮನ್ನ ಸುಕುಮಾರನ ಮೇಲೇ ಕಣ್ಣಿಡುವಂತೆ ಮಾಡುತ್ತೆ, ಅವನು ಮೇಲಕ್ಕೆ ಹೋಗ್ತಾನೆ. ನರಿಗೆ ಒಂದು ಊಟ ಆಯಿತು. ಅಷ್ಟು ಜನ್ಮ ಕಾದದ್ದಕ್ಕೆ ಅವಳಿಗೆ ಸಿಕ್ಕಿದ್ದು ಅದು.

ಇದೇ ಹತ್ತೊಂಬತ್ತರಲ್ಲಿ ಚಾಣಕ್ಯನ ಕಥೆಯೂ ಇದೆ. ವಾಟ್ಸಾಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ನೀತಿ ಹೇಳುವ ಅದೇ ಚಾಣಕ್ಯ. ಜೈನರು ಹೇಳುವ ಚಾಣಕ್ಯನ ಕಥೆ ನಂದರನ್ನ ಕಿತ್ತೊಗೆದಲ್ಲಿಗೆ ಮುಗಿಯಲ್ಲ. ಎಲ್ಲ ಗೆದ್ದ ಮೇಲೆ ಅವನು ಮುನಿಯಾಗ್ತಾನೆ. ದನದ ಕೊಟ್ಟಿಗೆಯ ಹತ್ತಿರ ಧ್ಯಾನಕ್ಕೆ ಕೂತಿದ್ದಾಗ, ಹಳೇ ಹಗೆ ಇಟ್ಟುಕೊಂಡಿದ್ದ ಸುಬಂಧು ಅನ್ನುವ ಮಂತ್ರಿ ಬಂದು ಸುತ್ತಲಿದ್ದ ಸಗಣಿಯ ರಾಶಿಗೆ ಬೆಂಕಿ ಹಚ್ಚುತ್ತಾನೆ. ಜಡೆ ಬಿಚ್ಚಿ ಪ್ರತಿಜ್ಞೆ ಮಾಡುವ ದೃಶ್ಯ ಟಿವಿಯಲ್ಲಿ ನೂರು ಸಲ ಬಂದಿದೆ. ಈ ಕೊಟ್ಟಿಗೆಯ ದೃಶ್ಯ ನಾನು ಎಲ್ಲೂ ನೋಡಿಲ್ಲ.

ಇನ್ನೊಂದು ಸುಕೌಶಳನ ಕಥೆ. ಮಗನೂ ಗಂಡನೂ ಸನ್ಯಾಸಕ್ಕೆ ಹೋದ ಸಿಟ್ಟಿನಲ್ಲಿ, ಸಂಕಟದಲ್ಲಿ ಸತ್ತ ತಾಯಿ ಹೆಣ್ಣುಹುಲಿಯಾಗಿ ಹುಟ್ಟಿ ಅದೇ ಮಗನ ಮೇಲೆ ಎರಗುತ್ತಾಳೆ. ತಿಂದ ಮೇಲೆ ನೆನಪಾಗುತ್ತೆ: ಇದು ನನ್ನ ಕೂಸು. ಆಮೇಲೆ ಆ ಹುಲಿ ಮತ್ತೆ ಬೇಟೆಯಾಡಲ್ಲ. ಪುಣ್ಯಕೋಟಿಯ ಹುಲಿ ನಿಮಗೆಲ್ಲ ಗೊತ್ತು. ಅದು ತಿನ್ನುವ ಮೊದಲೇ ನಾಚಿಕೊಂಡು ಪ್ರಾಣ ಬಿಟ್ಟಿತು. ಇದು ತಿಂದ ಮೇಲೆ ಗುರುತು ಹಿಡಿಯಿತು. ನಮ್ಮ ಕಥೆಗಳಲ್ಲಿ ಪಾಪಪ್ರಜ್ಞೆ ಅನ್ನೋದು ಬುದ್ಧಿಮಾತಿನಿಂದ ಬರಲ್ಲ ಅಂತ ನನಗೆ ಅನ್ನಿಸಿದ್ದು ಇಲ್ಲೇ. ಎದುರಿಗೆ ಬಿದ್ದವನ ಮುಖ ಗುರುತು ಸಿಕ್ಕಾಗ ಬರುತ್ತೆ.

ಜನ್ನ ಬರೆದ 'ಯಶೋಧರ ಚರಿತೆ' ಇನ್ನೂ ಒಂದು ಹೆಜ್ಜೆ ಮುಂದೆ. 1209ರದ್ದು. ಹೆಂಡತಿ ಮಾವುತನ ಹತ್ತಿರ ಹೋಗುವುದನ್ನ ಕಂಡ ರಾಜ ಕತ್ತಿ ಎತ್ತಿ, ಇಳಿಸುತ್ತಾನೆ. ಅಮ್ಮ ದೇವಿಗೆ ಬಲಿ ಕೊಡು ಅಂದಾಗ ಜೀವ ತೆಗೆಯಲಾರೆ ಅಂತ ಹಿಟ್ಟಿನ ಕೋಳಿ ಕಡೀತಾನೆ. ಹಿಟ್ಟಿನದ್ದು ಕೂಗುತ್ತೆ. ಕೊಂದಿಲ್ಲ, ಆದರೆ ಕೊಲ್ಲುವ ಮನಸ್ಸು ಮಾಡಿದೆಯಲ್ಲ ಅನ್ನೋದಕ್ಕೇ ಅಮ್ಮ ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಅಲೀತಾರೆ. ನಮ್ಮ ಜಿಲ್ಲೆಯ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ಇದನ್ನೇ 'ಹಿಟ್ಟಿನ ಹುಂಜ' ನಾಟಕ ಮಾಡಿದರು. ಅದು ಓದುವಾಗ ನನಗೆ ನನ್ನ ರೀಲ್ಸೇ ಕಣ್ಣ ಮುಂದೆ. ನಾನು ಯಾರನ್ನೂ ಮುಟ್ಟಿರಲಿಲ್ಲ. ಮೂವತ್ತು ಸೆಕೆಂಡಿನ ಹಿಟ್ಟಿನ ಕೋಳಿ ಅದು.

ಸರಿ, ಇನ್ನು ನಿಜವಾಗಿ ನಡೆದದ್ದಕ್ಕೆ ಬರೋಣ. ನಮ್ಮ ಕರಾವಳಿಯ ಸೇಡುಗಳು.

1500ರ ಕೊನೆಗೆ ಕಲ್ಲಿಕೋಟೆಯಲ್ಲಿ ಜಗಳವಾಗಿ ಪೋರ್ಚುಗೀಸರ ಕೋಠಿಯ ಮೇಲೆ ದಾಳಿ ಆಯಿತು, ಹಲವರು ಸತ್ತರು. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಬಂದ. ಬರುವ ದಾರಿಯಲ್ಲಿ ಹೊನ್ನಾವರ, ಭಟ್ಕಳವನ್ನ ಬೆದರಿಸಿಕೊಂಡೇ ತೆಂಕಕ್ಕೆ ಹೋದ. ಕಣ್ಣೂರಿನ ಹತ್ತಿರ 'ಮಿರಿ' ಅನ್ನುವ ಹಡಗು ಸಿಕ್ಕಿತು. ಮೆಕ್ಕಾ ಯಾತ್ರೆ ಮುಗಿಸಿ ಮನೆಗೆ ಬರುತ್ತಿದ್ದ ಜನ, ಹೆಂಗಸರು, ಮಕ್ಕಳು. ಕಲ್ಲಿಕೋಟೆಯ ಸೇಡು ಅಂತ ಹಡಗಿಗೆ ಬೆಂಕಿ ಇಟ್ಟರು. ಇಪ್ಪತ್ತರಷ್ಟು ಮಕ್ಕಳನ್ನ ಮಾತ್ರ ಬಿಟ್ಟು ಉಳಿದವರೆಲ್ಲ ಹೋದರು. ಕಲ್ಲಿಕೋಟೆಯ ಗಲಾಟೆಗೂ ಹಡಗಿನಲ್ಲಿ ಕಂಕುಳಲ್ಲಿ ಕೂಸು ಹಿಡಿದು ಕೂತ ಹೆಂಗಸಿಗೂ ಏನು ಸಂಬಂಧ?

1542, ಭಟ್ಕಳ. ಆಗಲೂ ಅಲ್ಲಿ ಒಬ್ಬ ರಾಣಿಯೇ ಆಳುತ್ತಿದ್ದಳು, ಚೆನ್ನಭೈರಾದೇವಿಗಿಂತ ಮೊದಲಿನವಳು. ಕಪ್ಪ ಬಾಕಿ ಇದೆ, ಕಡಲ್ಗಳ್ಳರಿಗೆ ಜಾಗ ಕೊಟ್ಟಿದ್ದೀರಿ ಅಂತ ಗೋವೆಯ ಗವರ್ನರ್ ಮಾರ್ಟಿಮ್ ಅಫೊನ್ಸೊ ಡ ಸೋಜ ದಂಡು ತಂದ. ಊರಿಗೆ ನುಗ್ಗಿದ ಸೈನಿಕರು ಲೂಟಿ ಹಂಚಿಕೊಳ್ಳುವುದರಲ್ಲಿ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು. ಅದೇ ಹೊತ್ತು ನೋಡಿ ಊರವರು ತಿರುಗಿಬಿದ್ದರು, ದಂಡು ಓಡಿತು. ಆ ಅವಮಾನಕ್ಕೆ ಮತ್ತೆ ಬಂದು ಊರು ಸುಟ್ಟರು. ಜನರ ಮೇಲೆ ತೀರಿಸಿಕೊಂಡದ್ದು ಸಾಲದೆ ಮರಗಳನ್ನೂ ಕಡಿದು ಹಾಕಿದರು. ಕರಾವಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದು ತೆಂಗು ಫಲಕ್ಕೆ ಬರೋಕೆ ಎಷ್ಟು ವರ್ಷ ಬೇಕು ಅಂತ ಗೊತ್ತು. ಕಪ್ಪ ಕೊಡದಿದ್ದವಳು ರಾಣಿ. ಫಲ ಕಳಕೊಂಡವನು ತೋಟದವನು. ಪೋರ್ಚುಗೀಸರ ಚರಿತ್ರೆಕಾರರು ಇದನ್ನೆಲ್ಲ ಬರೆದಿಟ್ಟದ್ದು 'ಶಿಕ್ಷೆ' ಅಂತ.

ಚೆನ್ನಭೈರಾದೇವಿ ಇವರ ಜೊತೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. 1569ರಲ್ಲಿ ಅವರು ಹೊನ್ನಾವರ ಹಿಡಿದರು. ಮರುವರ್ಷ ಅದನ್ನ ವಾಪಸ್ ಪಡೆಯೋಕೆ ರಾಣಿಯ ಕಡೆಯಿಂದ ಮುತ್ತಿಗೆ ನಡೆಯಿತು. ಇಲ್ಲಿಯವರೆಗೂ ನನ್ನ ರೀಲ್ಸ್ ಸರಿಯೇ ಇತ್ತು ಅನ್ನಿ. ಮೂವತ್ತು ಸೆಕೆಂಡು ಮುಗಿದದ್ದೇ ಇಲ್ಲಿಗೆ.

ಅದರ ಮುಂದಿನದ್ದು ಹೇಳಿದ್ದರೆ ಚಂಡೆ ನಿಲ್ಲಿಸಬೇಕಾಗುತ್ತಿತ್ತು. ಯಾಕಂದರೆ ರಾಣಿಯನ್ನ ಮುಗಿಸಿದ್ದು ಪರಂಗಿಯವರಲ್ಲ. ಕೆಳದಿಯ ವೆಂಕಟಪ್ಪ ನಾಯಕ. ಕನ್ನಡದವನೇ, ಘಟ್ಟದ ಮೇಲಿನ ನೆರೆಯವನೇ, ಬಿಳಗಿಯವರ ಜೊತೆ ಕೂಡಿಕೊಂಡು. 1606ರ ಹೊತ್ತಿಗೆ ಗೇರುಸೊಪ್ಪೆ ಬಿತ್ತು. ಮುದುಕಿಯಾಗಿದ್ದ ರಾಣಿಯನ್ನ ಸೆರೆ ಹಿಡಿದು ಕೆಳದಿಗೆ ಒಯ್ದರು, ಅಲ್ಲೇ ತೀರಿಕೊಂಡಳು. ಲಿಂಗಣ್ಣ ಕವಿಯ 'ಕೆಳದಿನೃಪ ವಿಜಯ'ದಂಥ ಕಾವ್ಯಗಳಲ್ಲಿ ಕೆಳದಿಯವರ ಇಂಥ ಯುದ್ಧಗಳು ದಿಗ್ವಿಜಯದ ಪಟ್ಟಿ. ಹೆಸರಲ್ಲೇ ಇದೆಯಲ್ಲ, ವಿಜಯ ಅಂತ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲ ವಲ್ಲೆ ಹೊನ್ನಾವರದಿಂದ ಇಕ್ಕೇರಿಗೆ ಹೋಗುವಾಗ ಗೇರುಸೊಪ್ಪೆಯಲ್ಲಿ ಇಳಿದ. ಆ ಊರು ಬಿದ್ದು ಹದಿನೇಳೇ ವರ್ಷ. ಅರಮನೆ ಪಾಳು, ಮೇಲೆ ಮರ ಬೆಳೆದಿದೆ, ನಾಲ್ಕು ರೈತರ ಗುಡಿಸಲು. ಇಲ್ಲೊಬ್ಬ ರಾಣಿ ಇದ್ದಳು, ಯಾರೋ ಹೊರಗಿನ ಕೀಳು ಮನುಷ್ಯನನ್ನ ಪ್ರೀತಿಸಿ ರಾಜ್ಯ ಕಳಕೊಂಡಳು ಅನ್ನೋ ಕಥೆ ಅವನು ಬರೆದುಕೊಂಡ. ಗಮನಿಸಿ. ಐವತ್ತು ವರ್ಷದ ಆಳ್ವಿಕೆ, ಮೆಣಸು, ಹಡಗು, ಮುತ್ತಿಗೆ ಎಲ್ಲ ಹದಿನೇಳು ವರ್ಷದಲ್ಲಿ ಕರಗಿ ಒಂದು ಹೆಂಗಸಿನ ಪ್ರೇಮಪ್ರಕರಣ ಆಗಿಹೋಗಿದೆ. ಗೆದ್ದವರ ಕೈ ತೊಳೆಯೋಕೆ ಇಂಥ ಕಥೆಗಿಂತ ಒಳ್ಳೆಯ ನೀರು ಇಲ್ಲ: ಬೀಳಿಸಿದವರು ಯಾರೂ ಇಲ್ಲ, ಅವಳೇ ಬಿದ್ದಳು.

ಈಗ ನಿಮ್ಮಲ್ಲಿ ಕೆಲವರು ಕಾಯ್ತಾ ಇರ್ತೀರಿ, ಕೆಳದಿಗೆ ಏನಾಯಿತು ಅಂತ. 1763ರಲ್ಲಿ ಹೈದರಾಲಿ ಕೆಳದಿಯವರ ಬಿದನೂರನ್ನ ಹಿಡಿದ. ರಾಣಿ ವೀರಮ್ಮಾಜಿಯನ್ನ ಸೆರೆ ಹಿಡಿದು ಮಧುಗಿರಿ ಕೋಟೆಯಲ್ಲಿಟ್ಟ. ಅಲ್ಲೊಬ್ಬ ರಾಣಿ ಸೆರೆ, ಇಲ್ಲೊಬ್ಬ ರಾಣಿ ಸೆರೆ. ನೋಡಿದಿರಾ, ಕರ್ಮ ಬಿಡಲಿಲ್ಲ! ನನಗೂ ಮೊದಲು ಬಂದ ಮಾತು ಅದೇ. ಇದಕ್ಕೂ ಒಂದು ರೀಲ್ಸ್ ಆಗುತ್ತಿತ್ತು.

ಆದರೆ ಲೆಕ್ಕ ಹಾಕಿ. ನಡುವೆ 157 ವರ್ಷ. ವೀರಮ್ಮಾಜಿ ಚೆನ್ನಭೈರಾದೇವಿಗೆ ಏನು ಮಾಡಿದ್ದಳು? ವೆಂಕಟಪ್ಪ ನಾಯಕ ತೀರಿಕೊಂಡು ಎಷ್ಟು ತಲೆಮಾರು ಆಗಿತ್ತು? ವಡ್ಡಾರಾಧನೆಯಲ್ಲಿ ಹೀಗಾಗಲ್ಲ. ಅಲ್ಲಿ ಕತ್ತೆಯಾದರೂ ಹಂದಿಯಾದರೂ ಕೊನೆಗೆ ಸುಕುಮಾರನಾದರೂ ಜೀವ ಒಂದೇ. ಒದ್ದವನೇ ಕೊಡ್ತಾನೆ. ಬೇರೆಯವನ ಕಾಲನ್ನ ನರಿ ತಿಂದಿದ್ದರೆ ಆ ಕಥೆ ಕಥೆಯೇ ಅಲ್ಲ. ಆ ಲೆಕ್ಕಪುಸ್ತಕವನ್ನ ನಾವು ಎತ್ತಿಕೊಂಡು ಬಂದು ಚರಿತ್ರೆಯ ಮೇಲೆ ಹರವಿದಾಗ ಒದ್ದವನು ಸಿಗಲ್ಲ. ಅವನು ಸತ್ತು ಮಣ್ಣಾಗಿ ನಾಲ್ಕು ನೂರು ವರ್ಷ. ಹಾಗಂತ ಸಿಟ್ಟು ಸುಮ್ಮನಿರಲ್ಲ, ಹತ್ತಿರದಲ್ಲಿ ಯಾರ ಕಾಲು ಸಿಗುತ್ತೆ ಅಂತ ನೋಡುತ್ತೆ. ಹಡಗಿನಲ್ಲಿದ್ದ ಯಾತ್ರಿಕರು. ಭಟ್ಕಳದ ತೋಟದವನು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತವನು.

ಐದನೇ ದಿನ ರೀಲ್ಸ್ ಅಳಿಸಿದೆ. ಅಳಿಸಿದೆ ಅಂದರೆ ನನ್ನ ಖಾತೆಯಿಂದ ಹೋಯಿತು ಅಷ್ಟೇ. ಅಷ್ಟರಲ್ಲಿ ಯಾರ್ಯಾರೋ ಡೌನ್‌ಲೋಡ್ ಮಾಡಿಕೊಂಡು ತಮ್ಮ ಪೇಜಿನಲ್ಲಿ ಹಾಕಿಕೊಂಡಿದ್ದರು. ಒಂದಕ್ಕಂತೂ ನನ್ನ ಧ್ವನಿಯನ್ನೇ ಇಟ್ಟು ಕೊನೆಗೆ ಎರಡು ಸಾಲು ಅವರೇ ಸೇರಿಸಿದ್ದಾರೆ. ಅದನ್ನ ಇಲ್ಲಿ ಹೇಳಲ್ಲ. ಇವತ್ತಿಗೂ ಓಡ್ತಾ ಇದೆ.

ಆಮೇಲೆ ಅವನಿಗೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ಗೊತ್ತಾಗದೆ ಈ ನರಿಯ ಕಥೆ ಹೇಳಿದೆ. ಪೂರ್ತಿ ಕೇಳಿದ. ಅವನು ಮೊದಲಿಂದಲೂ ಹಾಗೇ, ಮಧ್ಯೆ ಬಾಯಿ ಹಾಕಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಪ್ರಶ್ನೆ ಕೇಳಿದ. ನಾನು ಅದುವರೆಗೆ ಯೋಚನೆಯೇ ಮಾಡಿರಲಿಲ್ಲ.

"ಸೋಮದತ್ತೆಗೆ ಸಿಟ್ಟಿತ್ತು, ಸರಿ. ಅವಳು ಒದೆ ತಿಂದವಳು. ಆ ಮರಿಗಳಿಗೆ ಏನು ಗೊತ್ತಿತ್ತೋ? ಅವು ಯಾಕೆ ತಿಂದವು?"

ನಾನು ಅಂದೆ, ಅಮ್ಮ ತೋರಿಸಿದಳಲ್ಲ, ಅದಕ್ಕೆ.

"ಹಾಂ," ಅಂದ. ಆಮೇಲೆ, ಕುಮಟಾಕ್ಕೆ ಯಾವಾಗ ಬರ್ತೀಯಾ ಅಂತ ಕೇಳಿದ.